ಸಿಆರ್‌ಪಿ ರಿಪೋರ್ಟ್ ನೋಡಿ ಊಟ ಬಿಟ್ಟವರು

(ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ ಎಲ್ಲಾ ಬದಲಾಯಿಸಿದೀನಿ. ಅವರ ಒಪ್ಪಿಗೆ ತಗೊಂಡೇ ಬರೀತಿರೋದು.)

ಇವರನ್ನ ನನ್ನ ಹತ್ರ ಕಳಿಸಿದ್ದು ಅವರ ಡಾಕ್ಟ್ರು, ಚೀಟೀಲಿ "ಆರೋಗ್ಯದ ಬಗ್ಗೆ ಅತಿಯಾದ ಆತಂಕ" ಅಂತಿತ್ತು. ನಲವತ್ತರ ಆಸುಪಾಸು, ಶಿಫ್ಟ್ ಕೆಲಸ. ಒಂದು ವರ್ಷದಿಂದ ಸುಸ್ತು, ತಲೆ ಮಂಕು, ಬೆಳಗ್ಗೆ ಎದ್ರೆ ಮೈಯೆಲ್ಲಾ ಹಿಡ್ಕೊಂಡ ಹಾಗೆ. ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡೋ ಎಚ್‌ಎಸ್-ಸಿಆರ್‌ಪಿ ಅನ್ನೋ ರಕ್ತದ ಟೆಸ್ಟಲ್ಲಿ 4.8 ಬಂದಿತ್ತು, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದ್ರೂ ನಾಲ್ಕರ ಮೇಲೇ ಇತ್ತು, ಅಲ್ಲಿಂದ ಶುರುವಾಯ್ತು ನೋಡಿ ನೆಟ್ಟಲ್ಲಿ ಹುಡುಕೋದು, ಇವತ್ತು ಗೋಧಿ ಬಿಡೋದು, ನಾಳೆ ಹಾಲು, ಆಮೇಲೆ ಟೊಮ್ಯಾಟೊ.

ಮೊದಲನೇ ದಿನ ಒಂದು ನೋಟ್‌ಬುಕ್ ತಂದಿದ್ರು. ಎಡಗಡೆ ತಿಂದಿದ್ದು, ಬಲಗಡೆ ಆವತ್ತಿನ ನೋವಿಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್, ಬಿಟ್ಟಿರೋ ಪದಾರ್ಥಗಳಿಗೆಲ್ಲಾ ಕೆಂಪು ಗೆರೆ. ಕೊನೆ ಪುಟಗಳಲ್ಲಿ ಕೆಂಪೇ ಜಾಸ್ತಿ. "ಮೇಡಂ, ಏನ್ ತಿಂದ್ರೂ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ ಅನ್ಸುತ್ತೆ, ತಟ್ಟೆ ನೋಡಿದ್ರೇ ಭಯ" ಅಂದ್ರು.

ನಾನು ಡಾಕ್ಟ್ರಲ್ಲ, ಅದನ್ನ ಮೊದಲೇ ಹೇಳ್ಬಿಟ್ಟೆ. ಆದ್ರೆ ರಿಪೋರ್ಟ್ ಏನ್ ಹೇಳುತ್ತೆ, ಏನ್ ಹೇಳಲ್ಲ ಅನ್ನೋದು ಗೊತ್ತಾಗದೆ ಈ ಭಯ ಇಳಿಯಲ್ಲ. ಸಿಆರ್‌ಪಿ ಅನ್ನೋದು ಲಿವರ್ ತಯಾರಿಸೋ ಒಂದು ಪ್ರೋಟೀನು, ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತ ತೋರಿಸುತ್ತೆ ಅಷ್ಟೇ, ಎಲ್ಲಿ ಅಂತ ತೋರಿಸಲ್ಲ. ಹೃದಯದ ರಿಸ್ಕ್ ಲೆಕ್ಕದಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಒಳ್ಳೇದು, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. 10 ದಾಟಿದ್ರೆ ಸಾಮಾನ್ಯವಾಗಿ ಇನ್‌ಫೆಕ್ಷನ್ನೋ ಬೇರೆ ಕಾಯಿಲೆನೋ ಇರಬಹುದು ಅಂತ ಹುಡುಕ್ತಾರೆ. ನೆಗಡಿ ಜ್ವರ ಬಂದಾಗ್ಲೂ ಏರುತ್ತೆ. ಇವರದ್ದು ಎರಡೂ ಸಲ 3ರ ಮೇಲೇ ಇತ್ತು, ಅಂದ್ರೆ ಕಾರಣ ಹುಡುಕಲೇಬೇಕು, ಆದ್ರೆ ತಟ್ಟೇಲಿ ಮಾತ್ರ ಹುಡುಕಿದ್ರೆ ಆಗಲ್ಲ.

ಊಟದ ಮಾತು ಪಕ್ಕಕ್ಕಿಟ್ಟು ಬೇರೆ ಕೇಳ್ತಾ ಹೋದೆ. ನಿದ್ದೆ? ನಾಲ್ಕೈದು ಗಂಟೆ, ಅದೂ ತುಂಡು ತುಂಡು, ಗೊರಕೆ ಜೋರು ಅಂತ ಮನೆಯವರ ಕಂಪ್ಲೇಂಟು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಜಾಸ್ತಿ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರಲ್ಲ, ಉರಿಯೂತ ಹೆಚ್ಚಿಸೋ ರಾಸಾಯನಿಕಗಳನ್ನ ತಾನೇ ಬಿಡ್ತಾ ಇರುತ್ತೆ. ಹಲ್ಲುಜ್ಜುವಾಗ ರಕ್ತ ಬರುತ್ತಾ ಅಂದೆ. "ಅದು ಎಲ್ರಿಗೂ ಬರಲ್ವಾ?" ಅಂದ್ರು! ಇಲ್ಲ ಕಣ್ರೀ, ಬರಬಾರದು. ವಸಡಿನ ರೋಗ ಇದ್ರೆ ಸಿಆರ್‌ಪಿ ಏರಬಹುದು, ಚಿಕಿತ್ಸೆ ಮಾಡಿಸಿದ್ರೆ ಎಷ್ಟೋ ಜನರಲ್ಲಿ ಇಳಿಯುತ್ತೆ, ಆದ್ರೂ ಬಾಯಿ ಕಡೆ ಯಾರ ಗಮನವೂ ಹೋಗಲ್ಲ.

ಇನ್ನೊಂದು ಕೊನೇಲಿ ಹೊರಗೆ ಬಂತು, ಹೆಚ್ಚುಕಮ್ಮಿ ದಿನಾ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ನುಂಗ್ತಿದ್ರು, "ಉರಿಯೂತ ಇಳಿಸೋ ಮಾತ್ರೆನೇ ಅಲ್ವಾ" ಅಂತ. ಇದು ನನಗೆ ನೋಟ್‌ಬುಕ್ಕಿಗಿಂತ ಗಾಬರಿ ಹುಟ್ಟಿಸಿತು. ಡಾಕ್ಟ್ರನ್ನ ಕೇಳದೆ ತಿಂಗಳುಗಟ್ಟಲೆ ತಗೊಂಡ್ರೆ ಹೊಟ್ಟೇಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರೋದು ಎಲ್ಲಾ ಆಗಬಹುದು, ಮೂಲ ಕಾರಣ ಮಾತ್ರ ಇದ್ದಲ್ಲೇ ಇರುತ್ತೆ.

ಕೊಟ್ಟ ಸಲಹೆ ಇಷ್ಟು. ಮಾತ್ರೆ ವಿಷಯ ಅದೇ ವಾರ ಡಾಕ್ಟ್ರಿಗೆ ಹೇಳಿ, ಹಾಗೇ ಬೆಳಗ್ಗಿನ ಬಿಗಿತ ಎಷ್ಟು ಹೊತ್ತು ಇರುತ್ತೆ ಅಂತ ಗಡಿಯಾರ ನೋಡಿ ಬರ್ಕೊಂಡು ಹೋಗಿ (ಇವರಿಗೆ ಹದಿನೈದು ನಿಮಿಷದಲ್ಲಿ ಬಿಡ್ತಿತ್ತು, ಅರ್ಧ-ಒಂದು ಗಂಟೆಗಿಂತ ಜಾಸ್ತಿ ಇದ್ದು ಗಂಟು ಊದಿದ್ರೆ ಅದು ಸಂಧಿವಾತದ ಡಾಕ್ಟ್ರು ನೋಡ್ಬೇಕಾದ ವಿಷಯ). ಕಾರಣ ಇಲ್ದೆ ತೂಕ ಇಳಿಯೋದು, ಬಿಡದ ಜ್ವರ, ಮಲದಲ್ಲಿ ರಕ್ತ ಇದ್ರೆ ನನ್ನ ಹತ್ರ ಬಂದು ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹಲ್ಲಿನ ಡಾಕ್ಟ್ರನ್ನ ನೋಡಿ. ನೋವಿಗೆ ಮಾರ್ಕ್ಸ್ ಹಾಕೋದು ನಿಲ್ಲಿಸಿ, ಆ ಜಾಗದಲ್ಲಿ ನಿದ್ದೆ ಎಷ್ಟು ಗಂಟೆ ಅಂತ ಬರೀರಿ. ಬಿಟ್ಟಿರೋ ಊಟ ಒಂದೊಂದಾಗಿ ವಾಪಸ್ ತನ್ನಿ, ಸಕ್ಕರೆ ಪಾನೀಯ ಮತ್ತೆ ಪ್ಯಾಕೆಟ್ ತಿಂಡಿ ಮಾತ್ರ ಕಮ್ಮಿ ಇರಲಿ. ಚುರುಕು ನಡಿಗೆಯಂಥ ವ್ಯಾಯಾಮ ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಇವರಿಗೆ ಹತ್ತತ್ತು ನಿಮಿಷದಿಂದ ಶುರು ಮಾಡಿಸಿದೆ. ಡಾಕ್ಟ್ರು ಹೇಳೋವರೆಗೂ ಸಿಆರ್‌ಪಿ ಮತ್ತೆ ಮಾಡಿಸೋ ಹಾಗಿಲ್ಲ ಅಂತ ಮಾತು ತಗೊಂಡೆ, ಅದಕ್ಕೇ ಜಾಸ್ತಿ ಒದ್ದಾಡಿದ್ದು ಅವರು.

ಹಲ್ಲಿನ ಡಾಕ್ಟ್ರು ನೋಡಿದಾಗ ವಸಡಿನ ಒಳಗೆ ಸೋಂಕು ಇತ್ತು, ಕೆಲವು ಸಿಟ್ಟಿಂಗ್‌ನಲ್ಲಿ ಆಳವಾಗಿ ಕ್ಲೀನ್ ಮಾಡಿದ್ರು. ನಾಲ್ಕು ತಿಂಗಳಾದ ಮೇಲೆ ಸಿಆರ್‌ಪಿ 2.1, ಹಲ್ಲಿಂದಲೋ ನಿದ್ದೆಯಿಂದಲೋ ನಡಿಗೆಯಿಂದಲೋ ಬಿಡಿಸಿ ಹೇಳೋಕಾಗಲ್ಲ. ಸುಸ್ತು ಅರ್ಧ ಇಳಿದಿದೆ. ಹಾಲು ಇನ್ನೂ ಮುಟ್ಟಲ್ಲ. ಗೊರಕೆ ನೋಡಿ ಡಾಕ್ಟ್ರು ಸ್ಲೀಪ್ ಟೆಸ್ಟ್ ಬರೆದಿದಾರೆ, ಅದೊಂದು ಮುಂದೂಡ್ತಾನೇ ಇದಾರೆ, ಮುಂದಿನ ಸೆಶನ್‌ನಲ್ಲಿ ಅದನ್ನೇ ಮೊದಲು ಎತ್ತಬೇಕು.