ಕಾರವಾರದ ಹಳೆಯ ಐಸ್ ಪ್ಲಾಂಟಿನ ಅಮೋನಿಯಾ ಪೈಪುಗಳನ್ನು ಇನ್ನೆಷ್ಟು ವರ್ಷ ಬಳಸಬಹುದು?

ಪೈಪಿನ ವಯಸ್ಸಿಗಿಂತ ಉಳಿದಿರುವ ದಪ್ಪ ಮುಖ್ಯ. ಶಬ್ದತರಂಗದಿಂದ ಲೋಹದ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜಿನಿಂದ ಅಳೆಯಿಸಿ, ಸುರಕ್ಷತೆಗೆ ಬೇಕಾದ ಕನಿಷ್ಠ ದಪ್ಪವನ್ನು ಕಳೆದು, ವರ್ಷದ ಸವೆತದಿಂದ ಭಾಗಿಸಿ. 5 ಮಿ.ಮೀ. ಉಳಿದು, 3.8 ಬೇಕಾಗಿ, ವರ್ಷಕ್ಕೆ 0.2 ಸವೆಯುತ್ತಿದ್ದರೆ ಆಯುಷ್ಯ 6 ವರ್ಷ; ಮರುತಪಾಸಣೆ ಅದರ ಅರ್ಧಕ್ಕೆ, ಅಂದರೆ 3 ವರ್ಷದೊಳಗೆ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿ ಪೈಪಿನ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಅಡಿಯಲ್ಲೇ ತುಕ್ಕು ಬೆಳೆಯುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದಾಗಿಯೇ ಕಾಣುತ್ತದೆ. ಹೊದಿಕೆ ಹರಿದ ಜಾಗ, ಆಧಾರದ ಮೇಲೆ ಪೈಪು ಕೂರುವ ಭಾಗ, ಇವನ್ನು ಬಿಚ್ಚಿಸಿಯೇ ನೋಡಬೇಕು.

ಪ್ಲಾಂಟನ್ನು ಹೇಗೂ ಮುಚ್ಚುವುದಿದ್ದರೆ ಹೊಸ ಕಂಪ್ರೆಸರಿಗೆ ಹಣ ಸುರಿಯಬೇಡಿ. ಆದರೆ ಸುರಕ್ಷತಾ ವಾಲ್ವ್, ಸೋರಿಕೆ ಪತ್ತೆಯ ಸಾಧನಗಳಲ್ಲಿ ಉಳಿತಾಯ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ದೊಡ್ಡ ದುರಸ್ತಿಯನ್ನು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಐಸಿಗೆ ಬೇಡಿಕೆ ಇಳಿಯುವ ಜೂನ್–ಜುಲೈಗೆ ಇಟ್ಟುಕೊಳ್ಳಿ.