ಎರಡು ದಿನದ ತರಬೇತಿ ಮುಗಿಸಿ ನಾಯಿಯ ಮೊಣಕೈ ಆಪರೇಷನ್ ಮಾಡಬಹುದಾ?

ಬಿವಿಎಸ್ಸಿ (ಪಶುವೈದ್ಯ ಪದವಿ) ಮುಗಿಸಿ ಕ್ಲಿನಿಕ್ ಇಟ್ಟಿದ್ದೀರಿ, ಮುಂಗಾಲು ಕುಂಟುವ ಲ್ಯಾಬ್ರಡಾರ್ ಮರಿಗಳು ಬರುತ್ತಿವೆ, ಎರಡು ದಿನದ ಆರ್ಥ್ರೋಸ್ಕೋಪಿ (ಸಣ್ಣ ತೂತಿನಿಂದ ಕೀಲಿನೊಳಗೆ ಸ್ಕೋಪ್ ಹಾಕಿ ನೋಡುತ್ತಾ ಮಾಡುವ ಆಪರೇಷನ್) ತರಬೇತಿ ಸಾಕಾ ಅಂತ ಕೇಳಿದ್ದೀರಿ. ನಾನು ಸರ್ಜರಿಯಲ್ಲಿ ಎಂವಿಎಸ್ಸಿ (ಸ್ನಾತಕೋತ್ತರ ಪದವಿ) ಮಾಡಿದವನು, ಮೂಳೆ-ಕೀಲಿನ ಕೇಸುಗಳನ್ನೇ ಜಾಸ್ತಿ ನೋಡುತ್ತೇನೆ. ಸಾಲದು. ತರಬೇತಿಗೆ ಖಂಡಿತ ಹೋಗಿ, ಆದರೆ ಯಾವ ಕೀಲಿಗೆ ಕೈ ಹಾಕಬೇಕು, ಯಾವುದಕ್ಕೆ ಹಾಕಬಾರದು ಅನ್ನೋದನ್ನು ಮೊದಲು ಕಲಿಯಿರಿ.

ಇಂಥ ಮರಿಗಳಲ್ಲಿ ಮೊದಲು ಅನುಮಾನ ಬರುವ ಎಲ್ಬೋ ಡಿಸ್‌ಪ್ಲೇಷಿಯಾ, ಅಂದರೆ ಮೊಣಕೈ ಕೀಲು ಸರಿಯಾಗಿ ಬೆಳೆಯದಿರುವುದು, ಒಂದೇ ತೊಂದರೆ ಅಲ್ಲ. ಅಲ್ನಾದ (ಮೊಣಕೈ ಕೆಳಗಿನ ಎರಡು ಮೂಳೆಗಳಲ್ಲಿ ಒಂದು) ಒಳಬದಿಯ ಕೊರೊನಾಯ್ಡ್ ಅನ್ನುವ ಚಾಚು ಬಿರುಕು ಬಿಟ್ಟು ಚೂರಾಗಿರಬಹುದು, ಹ್ಯೂಮರಸ್ (ಮೇಲಿನ ತೋಳಿನ ಮೂಳೆ) ತುದಿಯಲ್ಲಿ ಓಸಿಡಿ (ಕಾರ್ಟಿಲೇಜ್, ಅಂದರೆ ಮೂಳೆ ತುದಿಯ ನುಣುಪು ಹೊದಿಕೆ, ಸಡಿಲವಾಗಿ ಏಳುವುದು) ಇರಬಹುದು, ಅಲ್ನಾದ ಹಿಂದಿನ ಚಾಚು ಆಂಕೋನಿಯಲ್ ಪ್ರೋಸೆಸ್ ಮೂಳೆಗೆ ಕೂಡಿಕೊಳ್ಳದೆ ಉಳಿದಿರಬಹುದು. ಕೊನೆಯದು ಜರ್ಮನ್ ಶೆಫರ್ಡ್‌ಗಳಲ್ಲಿ ಜಾಸ್ತಿ. ಮೊಣಕೈ ಪೂರ್ತಿ ಮಡಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದರೆ ಕಾಣುತ್ತದೆ, ಆದರೆ ಮರಿಗೆ ಸುಮಾರು 20 ವಾರ ತುಂಬುವ ಮೊದಲು ಕೂಡಿಲ್ಲ ಅಂತ ತೀರ್ಮಾನ ಮಾಡಬೇಡಿ. ಕೊರೊನಾಯ್ಡ್ ಚೂರು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಅದಕ್ಕೆ ಸಿಟಿ ಬೇಕು. ಎರಡೂ ಕಾಲಿನ ಚಿತ್ರ ತೆಗೆಸಿ, ಯಾಕೆಂದರೆ ಎರಡೂ ಕಡೆ ನೋವಿದ್ದರೆ ಕುಂಟು ಎದ್ದು ಕಾಣೋದಿಲ್ಲ, ಮರಿ ಸುಮ್ನೆ ಮಂಕಾಗಿದೆ ಅಂತ ಮನೆಯವರು ಅಂದುಕೊಂಡಿರುತ್ತಾರೆ.

ಇನ್ನು ಕೈಪಳಗುವ ಮಾತು. ಇದನ್ನು ಸತ್ತ ನಾಯಿಯ ಕಾಲಿನ ಮೇಲೆಯೇ ಕಲಿಯಬೇಕು. ಸ್ಕೋಪ್ 1.9 ಅಥವಾ 2.4 ಮಿ.ಮೀ., ಲೆನ್ಸ್ 30 ಡಿಗ್ರಿ ಓರೆ. ಸ್ಕೋಪನ್ನು ಅಲ್ಲಾಡಿಸದೆ ಲೈಟ್ ಕೇಬಲ್ ತಿರುಗಿಸಿದರೇ ನೋಟ ಬದಲಾಗುತ್ತದೆ, ಇದು ಕೈಗೆ ಹತ್ತುವ ತನಕ ಪ್ರೋಬ್ (ಕೀಲಿನೊಳಗೆ ಮುಟ್ಟಿ ನೋಡುವ ಕಡ್ಡಿ) ಎಲ್ಲಿದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಸಲೈನ್ ಸೋರಿ ಸುತ್ತಲಿನ ಮಾಂಸ ಊದಿಕೊಂಡಿರುತ್ತದೆ. ಒಳಗಿನ ಎಪಿಕಾಂಡೈಲ್ (ಮೊಣಕೈ ಒಳಬದಿಯ ಮೂಳೆಯ ಉಬ್ಬು) ಹಿಂದೆಯೇ ಅಲ್ನಾರ್ ನರ ಹೋಗುತ್ತದೆ, ಪೋರ್ಟಲ್ (ಸ್ಕೋಪ್ ತೂರಿಸುವ ತೂತು) ಹಾಕುವ ಮುಂಚೆ ಬೆರಳಲ್ಲಿ ಮುಟ್ಟಿ ಗುರುತಿಟ್ಟುಕೊಳ್ಳಿ. ಅಭ್ಯಾಸ ಮುಗಿದ ಮೇಲೆ ಆ ಕೀಲನ್ನು ಬಿಚ್ಚಿ, ಕಾರ್ಟಿಲೇಜ್ ಮೇಲೆ ಎಷ್ಟು ಗೀರು ಬಿದ್ದಿದೆ ನೋಡಿ. ನಾನು ಹೊಸಬರಿಗೆ ಹೇಳಿಕೊಡುವಾಗ ಇದನ್ನು ಬಿಡುವುದೇ ಇಲ್ಲ.

ಚೂರು ತೆಗೆದರೂ ಆರ್ಥ್ರೈಟಿಸ್ ಮುಂದುವರಿಯುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಮನೆಯವರಿಗೆ ಹೇಳಿ. ಕಾರ್ಟಿಲೇಜ್ ಪೂರ್ತಿ ಸವೆದು ಮೂಳೆಗೆ ಮೂಳೆ ತಿಕ್ಕುತ್ತಿದ್ದರೆ ಚೂರು ತೆಗೆದು ಅಷ್ಟೇನೂ ಲಾಭವಿಲ್ಲ. ತೂಕ ಇಳಿಸುವುದು, ನೋವಿನ ಔಷಧಿ, ಫಿಸಿಯೋಥೆರಪಿ ಮುಖ್ಯ. ಅಲ್ನಾ ಕತ್ತರಿಸಿ ಪ್ಲೇಟ್ ಹಾಕುವ ಪಾಲ್‌ನಂಥ ಆಪರೇಷನ್‌ಗಳ ಯೋಚನೆ ಈಗಲೇ ಬೇಡ.

ಸಾಧ್ಯವಾದರೆ ಎರಡು ವರ್ಷದ ಎಂವಿಎಸ್ಸಿ ಮಾಡಿ, ಬೆಂಗಳೂರಿನ ಹೆಬ್ಬಾಳ ಕಾಲೇಜಿನಲ್ಲಿ ಸರ್ಜರಿ ವಿಭಾಗ ಇದೆ. ಯುರೋಪ್, ಅಮೆರಿಕದಲ್ಲಿ ಇಂಟರ್ನ್‌ಶಿಪ್ ಮುಗಿಸಿದ ಮೇಲೂ ಮೂರು ವರ್ಷ ರೆಸಿಡೆನ್ಸಿ (ತಜ್ಞರಾಗುವ ತರಬೇತಿ) ಮಾಡಿಸುತ್ತಾರೆ ಅಂದರೆ ನೋಡಿ. ಕ್ಲಿನಿಕ್ ಬಿಟ್ಟು ಹೋಗಲು ಆಗದಿದ್ದರೆ, ನಿಮ್ಮ ಕೇಸುಗಳನ್ನು ಅನುಭವ ಇರುವ ಸರ್ಜನ್‌ಗೆ ಕಳಿಸಿ, ಜೊತೆಗೆ ನೀವೂ ಹೋಗಿ ಅಸಿಸ್ಟ್ ಮಾಡುತ್ತೇನೆ ಅಂತ ಕೇಳಿ. ನನ್ನ ಹತ್ತಿರ ಹಾಗೆ ಕೇಳಿ ಬಂದವರನ್ನು ನಾನು ಖುಷಿಯಿಂದ ಸೇರಿಸಿಕೊಳ್ಳುತ್ತೇನೆ.