ಚೀನಿಕಾಯಿ ಇಲ್ಲದ ಸಿಂಡ್ರೆಲ್ಲಾ

ಪ್ರಶ್ನೆ: ಮೊನ್ನೆ ಆದಿತ್ಯವಾರ ಮನೆಯಲ್ಲಿ ಎಲ್ಲರೂ ಕೂತು ‘ಎವರ್ ಆಫ್ಟರ್’ ಅಂತ ಹಳೇ ಇಂಗ್ಲಿಷ್ ಸಿನಿಮಾ ನೋಡಿದ್ವು. ಸಿಂಡ್ರೆಲ್ಲಾ ಕತೆಯೇ, ಆದ್ರೆ ಅದ್ರಲ್ಲಿ ಕಿನ್ನರಿ ಇಲ್ಲ, ಚೀನಿಕಾಯಿ (ಸಿಹಿಗುಂಬಳ) ರಥ ಇಲ್ಲ, ಇಲಿ ಕುದುರೆ ಆಗುದಿಲ್ಲ, ಬದಲಿಗೆ ಗಡ್ಡದ ಒಬ್ಬ ಚಿತ್ರಕಾರ ಅಜ್ಜ ಬರ್ತಾನೆ. ನಮ್ಮ ಅತ್ತೆ “ಇದೆಂತ ಸಿಂಡ್ರೆಲ್ಲಾ, ಒಳ್ಳೇ ಕತೆಯನ್ನು ಹಾಳು ಮಾಡಿ ಹಾಕಿದ್ರು” ಅಂದ್ರು. ಒಂಬತ್ತನೇ ಕ್ಲಾಸಿನ ಮಗಳು “ಇದೇ ಸರಿ, ಹುಡುಗಿ ಯಾರನ್ನೂ ಕಾಯ್ಲಿಲ್ಲ, ತಾನೇ ಬಿಡಿಸಿಕೊಂಡು ಬಂದ್ಳು” ಅಂತ. ನಮ್ಮವರು “ಕಡೆಗೆ ರಾಜಕುಮಾರನನ್ನೇ ಮದುವೆ ಆದದ್ದಲ್ವಾ, ಮತ್ತೆಂತ ಹೊಸತು ಅದ್ರಲ್ಲಿ” ಅಂತ. ಊಟ ತಣ್ಣಗಾಯ್ತು, ಚರ್ಚೆ ಮುಗಿಲಿಲ್ಲ. ನೀವೇ ಹೇಳಿ.
– ಬದಿಯಡ್ಕದ ಓದುಗಿ

ಉತ್ತರ: ಮೊದ್ಲು ಅತ್ತೆಯವರ ವಿಷಯ ಮುಗಿಸುವ. ಅವರು ಕೇಳ್ತಿರುವ ಚೀನಿಕಾಯಿ, ಕಿನ್ನರಿ, ಗಾಜಿನ ಚಪ್ಪಲಿ ಎಲ್ಲ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಬರೆದ ಕತೆಯದ್ದು, ಡಿಸ್ನಿಯವರು 1950ರಲ್ಲಿ ಕಾರ್ಟೂನ್ ಮಾಡುವಾಗ ಅದನ್ನೇ ತಕ್ಕೊಂಡ್ರು, ಹಾಗಾಗಿ ನಮಗೆಲ್ಲ ಅದೇ ‘ನಿಜವಾದ’ ಸಿಂಡ್ರೆಲ್ಲಾ ಅಂತ ಕೂತುಬಿಟ್ಟಿದೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿದ್ದರಲ್ಲಿ ಕಿನ್ನರಿಯೂ ಇಲ್ಲ ಚೀನಿಕಾಯಿಯೂ ಇಲ್ಲ, ತೀರಿಹೋದ ಅಮ್ಮನ ಸಮಾಧಿ ಹತ್ರ ಒಂದು ಮರ, ಆ ಮರವನ್ನು ಅಲುಗಿಸಿದ್ರೆ ಉಡುಪು ಉದುರ್ತದೆ, ಮತ್ತೆ ಚಪ್ಪಲಿಗೆ ಕಾಲು ತೂರಿಸ್ಲಿಕ್ಕೆ ಅಂತ ಮಲತಾಯಿಯ ಹುಡುಗಿಯರು ಒಬ್ಬಳು ಹೆಬ್ಬೆರಳು ಒಬ್ಬಳು ಹಿಮ್ಮಡಿ ಕತ್ತರಿಸಿಕೊಳ್ತಾರೆ (ಊಟದ ಹೊತ್ತಲ್ಲಿ ಇದನ್ನು ಹೇಳ್ಬೇಡಿ). ಅದಕ್ಕೂ ಎಷ್ಟೋ ಮೊದ್ಲು, ಒಂಬತ್ತನೇ ಶತಮಾನದ ಚೀನಾದ ಪುಸ್ತಕದಲ್ಲಿ ಇದೇ ಥರದ ಹುಡುಗಿಯೊಬ್ಬಳಿಗೆ ಸಹಾಯ ಮಾಡುದು ಸತ್ತ ಮೀನಿನ ಮೂಳೆ. ಹಾಗಾಗಿ ಚೀನಿಕಾಯಿ ತೆಗೆದದ್ದು ದೊಡ್ಡ ಅಪರಾಧ ಏನಲ್ಲ.

ಆ ಗಡ್ಡದ ಅಜ್ಜ ಯಾರಂದ್ರೆ ಲಿಯೊನಾರ್ಡೊ ಡ ವಿಂಚಿ. 1998ರಲ್ಲಿ ಆಂಡಿ ಟೆನೆಂಟ್ ಮಾಡಿದ ಸಿನಿಮಾ ಅದು, ಡ್ರೂ ಬ್ಯಾರಿಮೋರ್ ಹುಡುಗಿ, ಆಂಜೆಲಿಕಾ ಹ್ಯೂಸ್ಟನ್ ಮಲತಾಯಿ. ಕತೆಯನ್ನು 16ನೇ ಶತಮಾನದ ಫ್ರಾನ್ಸಿಗೆ ತಕ್ಕೊಂಡು ಹೋಗಿ, ಇದು ಕಟ್ಟುಕತೆ ಅಲ್ಲ ನಡೆದದ್ದೇ ಅನ್ನುವ ಹಾಗೆ ಹೇಳ್ತಾರೆ. ಲಿಯೊನಾರ್ಡೊ ಕಡೇ ವರ್ಷಗಳನ್ನು ಫ್ರಾನ್ಸಿನ ರಾಜ ಫ್ರಾನ್ಸಿಸನ ಆಶ್ರಯದಲ್ಲಿ ಕಳೆದದ್ದು ಹೌದು, ಆದ್ರೆ ಸಿನಿಮಾದಲ್ಲಿ ಅವನ ಜೊತೆ ಹರಟುವ ರಾಜಕುಮಾರ ಹೆನ್ರಿ ಇದ್ದಾನಲ್ಲ, ಚರಿತ್ರೆಯ ಹೆನ್ರಿ ಹುಟ್ಟಿದ್ದು 1519ರ ಮಾರ್ಚ್ ಕಡೆಗೆ, ಲಿಯೊನಾರ್ಡೊ ತೀರಿಹೋದದ್ದು ಅದೇ ವರ್ಷ ಮೇ 2ಕ್ಕೆ. ಅಂದ್ರೆ ನಿಜವಾಗಿ ಇಬ್ಬರೂ ಭೇಟಿ ಆಗಿದ್ರೂ ಹೆನ್ರಿ ತೊಟ್ಟಿಲಲ್ಲಿ ಇರ್ತಿದ್ದ. ಇರ್ಲಿ, ಪರೀಕ್ಷೆಗೆ ಓದ್ಲಿಕ್ಕೆ ನೋಡುವ ಸಿನಿಮಾ ಅಲ್ಲ ಅದು. ನನಗೆ ಇಷ್ಟ ಆದದ್ದು ಬೇರೆ. ನೃತ್ಯದ ದಿನ ಮಲತಾಯಿ ಹುಡುಗಿಯನ್ನು ಕೋಣೆಯಲ್ಲಿ ಕೂಡಿ ಹಾಕಿ ಬೀಗ ಜಡಿದು ಹೋಗ್ತಾಳೆ, ಮನೆಯ ಆಳುಗಳು ಬೀಗದ ಹತ್ರ ಒದ್ದಾಡ್ತಿರ್ತಾರೆ, ಈ ಅಜ್ಜ ಬಂದು ಬೀಗವನ್ನು ಮುಟ್ಟುದೇ ಇಲ್ಲ, ಬಾಗಿಲಿನ ವಿಜಾಗ್ರಿಯ ಕಡ್ಡಿ ಎಳೆದು ತೆಗೆದು ಬಾಗಿಲನ್ನೇ ಇನ್ನೊಂದು ಬದಿಯಿಂದ ಬಿಡಿಸ್ತಾನೆ. ಅಷ್ಟೇ ಅವನ ಮಂತ್ರದಂಡ. ಬಡಗಿ ಕೆಲಸ ಗೊತ್ತಿದ್ದವರಿಗೆ ಆ ಒಂದು ಸೀನಿಗೇ ದುಡ್ಡು ಬಂತು.

ಈಗ ಹೊಸತು ಎಂತ ಅನ್ನುದಕ್ಕೆ ಬರುವ. ಹಳೇ ಕತೆಯಲ್ಲಿ ರಾಜಕುಮಾರನಿಗೂ ಹುಡುಗಿಗೂ ಮಾತೇ ಇಲ್ಲ ಮಾರಾಯ್ರೆ, ರಾತ್ರಿ ಕುಣಿದ್ರು, ಓಡಿದ್ಳು, ಚಪ್ಪಲಿ ಸಿಕ್ತು, ಮದುವೆ. ಕಾಲಿನ ಅಳತೆ ಬಿಟ್ರೆ ಅವನಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಸೊನ್ನೆ. ನಮ್ಮ ಊರಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು, ಹಾಡಿದ ಪದ್ಯಕ್ಕೆ ಆಗಿಂದಾಗಲೇ ಮಾತು ಕಟ್ಟಿ ‘ಅರ್ಥ’ ಹೇಳುವ ಯಕ್ಷಗಾನ) ಕೇಳಿ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗ್ತದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗದ ಪದ್ಯ ಎಲ್ರಿಗೂ ಗೊತ್ತು, ವಾಲಿ ಸಾಯ್ತಾನೆ ಅಂತಲೂ ಗೊತ್ತು, ಆದ್ರೂ ಜನ ಬೆಳಗಿನ ತನಕ ಕೂರುದು ಇವತ್ತಿನ ವಾಲಿ ರಾಮನ ಹತ್ರ ಎಂತ ಕೇಳ್ತಾನೆ ಅಂತ. ಪದ್ಯ ಅದೇ, ಅರ್ಥ ಹೊಸತು. ಈ ಸಿನಿಮಾದವರು ಮಾಡಿದ್ದೂ ಅದನ್ನೇ. ಚಪ್ಪಲಿ, ಮಲತಾಯಿ, ನೃತ್ಯ ಯಾವುದನ್ನೂ ಬಿಡ್ಲಿಲ್ಲ, ಎಡೆಯಲ್ಲಿ ಖಾಲಿ ಇದ್ದ ಜಾಗಕ್ಕೆ ಮಾತು ತುಂಬಿದ್ರು.

ಮೊದಲನೇ ಭೇಟಿ ನೆನಪು ಮಾಡಿ. ಯಾರೋ ಒಬ್ಬ ಅವಳ ಅಪ್ಪನ ಕುದುರೆ ಕದ್ದು ಓಡಿಸ್ತಿದ್ದಾನೆ, ಇವಳು ತೋಟದಲ್ಲಿ ಹೆಕ್ಕಿದ ಆಪಲ್‌ನಿಂದ ಹೊಡೆದು ಅವನನ್ನು ಕೆಡವ್ತಾಳೆ, ಮತ್ತೆ ನೋಡಿದ್ರೆ ರಾಜಕುಮಾರ, ಅಡ್ಡ ಬೀಳ್ತಾಳೆ. ಅವ ಸುಮ್ಮನಿರ್ಲಿಕ್ಕೆ ಅಂತ ಚಿನ್ನದ ನಾಣ್ಯ ಸುರಿದು ಹೋಗ್ತಾನೆ. ಆ ದುಡ್ಡಲ್ಲಿ ಇವಳು ಡ್ರೆಸ್ ತಕ್ಕೊಳ್ಳುದಿಲ್ಲ, ಮಲತಾಯಿ ಮಾರಿಬಿಟ್ಟ ಮನೆಯ ಹಳೇ ಆಳನ್ನು ಬಿಡಿಸಿ ತರ್ಲಿಕ್ಕೆ ಹೊರಡ್ತಾಳೆ, ಅದಕ್ಕೇ ದೊಡ್ಡ ಮನೆತನದವಳ ವೇಷ, ಅಮ್ಮನ ಹೆಸರು. ಅಲ್ಲಿ ರಾಜಕುಮಾರನ ಎದುರೇ ವಾದ ಮಾಡ್ತಾಳೆ, ಬಡವರನ್ನು ಕಳ್ಳರಾಗುವ ಹಾಗೆ ಮಾಡಿ ಮತ್ತೆ ಶಿಕ್ಷೆ ಕೊಡುದು ಯಾವ ನ್ಯಾಯ ಅಂತ. ಅವನಿಗೆ ಅವಳ ಮೇಲೆ ಮನಸ್ಸು ಹೋದದ್ದು ಅಲ್ಲಿ, ಗೌನು ನೋಡಿ ಅಲ್ಲ.

ಮಗಳು ಹೇಳಿದ್ದು ಸರಿ, ದುಷ್ಟ ಸಾಹುಕಾರನ ಕೈಯಿಂದ ಕತ್ತಿ ಹಿಡಿದು ತಾನೇ ಹೊರಗೆ ಬರ್ತಾಳೆ, ರಾಜಕುಮಾರ ತಲುಪುವಾಗ ಕೆಲಸ ಮುಗಿದಿರ್ತದೆ. ಆದ್ರೆ ನಾನು ಅವಳಿಗೆ ಇನ್ನೊಂದು ಕಡೆ ನೋಡ್ಲಿಕ್ಕೆ ಹೇಳ್ತೇನೆ, ಅದು ನೃತ್ಯದ ರಾತ್ರಿ. ಇವಳು ಆಳಿನ ಹಾಗೆ ದುಡಿಯುವ ಹುಡುಗಿ ಅಂತ ಮಲತಾಯಿ ಎಲ್ಲರ ಎದುರು ಹೇಳಿದ ಕೂಡ್ಲೇ, ಇಷ್ಟು ದಿನ ನ್ಯಾಯ ನೀತಿ ಅಂತ ಅವಳ ಮಾತಿಗೆ ತಲೆ ಆಡಿಸಿದ ಅದೇ ಹುಡುಗ ಮುಖ ಕಲ್ಲು ಮಾಡಿಕೊಂಡು ನಿಲ್ತಾನೆ. ಹಳೇ ಕತೆಯಲ್ಲಿ ಚಪ್ಪಲಿಯಿಂದ ಪರೀಕ್ಷೆ ಆಗುದು ಹುಡುಗಿಯದ್ದು, ಇಲ್ಲಿ ಪರೀಕ್ಷೆ ಹುಡುಗನದ್ದು, ಮತ್ತೆ ಅವ ಫೇಲಾಗ್ತಾನೆ. ಕಡೆಗೆ ಚಪ್ಪಲಿ ಹಿಡ್ಕೊಂಡು ಅವ ಬರುದು ಪತ್ತೆ ಮಾಡ್ಲಿಕ್ಕೆ ಅಲ್ಲ, ಕ್ಷಮೆ ಕೇಳ್ಲಿಕ್ಕೆ. ಅವಳು ಯಾರು ಅಂತ ಗೊತ್ತಿದ್ದೇ ಬರ್ತಾನೆ. ಹೊಸತು ಎಂತ ಅಂತ ನಿಮ್ಮವರು ಕೇಳಿದ್ರಲ್ಲ, ನನ್ನ ಲೆಕ್ಕದಲ್ಲಿ ಇದು.

ಹಾಗಂತ ಅವರ ಪ್ರಶ್ನೆ ಪೂರ್ತಿ ಮುಗಿಯುದಿಲ್ಲ, ಮೂವರಲ್ಲಿ ಗಟ್ಟಿ ಪ್ರಶ್ನೆ ಅವರದ್ದೇ. 2021ರಲ್ಲಿ ಕೇ ಕ್ಯಾನನ್ ಮಾಡಿದ ‘ಸಿಂಡ್ರೆಲ್ಲಾ’ ಬಂತು, ಅದ್ರಲ್ಲಿ ಕ್ಯಾಮಿಲಾ ಕಬೆಯೊ ಹುಡುಗಿ, ಅವಳಿಗೆ ಡ್ರೆಸ್ ಹೊಲಿದು ಅಂಗಡಿ ಇಡುವ ಆಸೆ, ರಾಜಕುಮಾರ ಮದುವೆ ಆಗು ಅಂದ್ರೆ ನನ್ನ ಕೆಲಸದ ಗತಿ ಏನು ಅಂತ ಹಿಂದೆ ಸರೀತಾಳೆ. ಐಡಿಯಾ ಒಳ್ಳೇದುಂಟು. ಆದ್ರೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಮೈಕ್ ಹಿಡಿದ ಹಾಗೆ ಹೇಳಿಬಿಡ್ತಾರೆ, ನೋಡುವವರಿಗೆ ಯೋಚನೆ ಮಾಡ್ಲಿಕ್ಕೆ ಏನೂ ಉಳಿಯುದಿಲ್ಲ. ನಿಮ್ಮವರಿಗೆ ನಾನು ಕೊಡುವ ಉತ್ತರ ಸಿನಿಮಾ ಅಲ್ಲ, ಕನ್ನಡದ್ದೇ ಒಂದು ಜನಪದ ಕತೆ, ಹಂಚಿ ಅಂತ. ಎ.ಕೆ. ರಾಮಾನುಜನ್ ಅದನ್ನು ಕನ್ನಡದ ಸಿಂಡ್ರೆಲ್ಲಾ ಅಂತ ಕರೆದು ಇಂಗ್ಲಿಷಲ್ಲಿ ಲೇಖನ ಬರೆದಿದ್ದಾರೆ. ಅದ್ರಲ್ಲಿ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕ್ಕೊಂಡು ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ತಾಳೆ, ಯಾರೂ ಇಲ್ಲ ಅಂತ ಮುಖವಾಡ ತೆಗೆದಾಗ ಆ ಮನೆಯ ಕಿರಿ ಮಗ ನೋಡ್ತಾನೆ. ಮದುವೆ ಆಗ್ತದೆ, ಕತೆ ಮುಗಿಯುದಿಲ್ಲ. ನಿಜವಾದ ಕಷ್ಟ ಶುರು ಆಗುದೇ ಮದುವೆ ಆದ ಮೇಲೆ, ಒಬ್ಬ ಕಪಟ ಸ್ವಾಮಿ ಅವಳ ಮೇಲೆ ಕಣ್ಣು ಹಾಕಿ, ಅದು ಆಗದಿದ್ದಾಗ ಇಲ್ಲದ ಅಪವಾದ ಹೊರಿಸ್ತಾನೆ, ಗಂಡನ ಮನೆಯವರು ಅದನ್ನು ನಂಬಿಯೂ ಬಿಡ್ತಾರೆ. ಮದುವೆಯಲ್ಲಿ ಎಲ್ಲ ಸರಿಹೋಗ್ತದೆ ಅಂತ ನಮ್ಮ ಅಜ್ಜಿಯಂದಿರು ಯಾವತ್ತೂ ಹೇಳ್ಲೇ ಇಲ್ಲ ಅಂತ ಅವರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸಿಂಡ್ರೆಲ್ಲಾವನ್ನು ನಮ್ಮ ಊರಿನ ಕತೆಯಾಗಿ ಕನ್ನಡ ನಾಟಕ ಮಾಡ್ಬೇಕಂತ ಉಂಟು. ಇಲ್ಲಿ ರಾಜಕುಮಾರನನ್ನು ಎಲ್ಲಿಂದ ತರುದು ಸರ್?
– ಮಂಜೇಶ್ವರದ ಹೈಸ್ಕೂಲ್ ವಿದ್ಯಾರ್ಥಿ

ಉತ್ತರ: ತರ್ಲೇಬೇಡ ಮಾರಾಯ. ಮೇಲೆ ಹೇಳಿದ ಹಂಚಿಯ ಕತೆಯನ್ನೇ ತಕ್ಕೋ, ಸಾಹುಕಾರನ ಮನೆಯನ್ನು ಅಡಿಕೆ ತೋಟದವರ ಮನೆ ಮಾಡು, ಅಲ್ಲಿ ಒಂದು ಪೂಜೆ, ದೊಡ್ಡ ಊಟ, ಅಡಿಗೆ ಹುಡುಗಿ ಹಿಂದೆ ಪಾತ್ರೆ ತಿಕ್ಕುತ್ತಾ ಇರ್ಲಿ. ಚಪ್ಪಲಿ ನಮ್ಮಲ್ಲಿ ಜಗಲಿಯ ಹೊರಗೇ ಬಿಡುದು, ಅದ್ರಿಂದ ಗುರುತು ಹಿಡಿಯುವ ಸೀನ್ ಇಟ್ರೆ ಜನ ನಗ್ತಾರೆ, ಮುಖವಾಡವೇ ಸಾಕು, ಪೇಪರ್ ಮತ್ತು ಗಂಜಿ ಅಂಟಿನಲ್ಲಿ ನೀವೇ ಮಾಡ್ಬಹುದು, ಆದ್ರೆ ಬಾಯಿಯ ಹತ್ರ ತೆರೆದಿಡಿ, ಇಲ್ಲದಿದ್ರೆ ಮಾತು ಹಿಂದಿನ ಸಾಲಿಗೆ ಕೇಳುದಿಲ್ಲ. ಮಧ್ಯರಾತ್ರಿ ಹನ್ನೆರಡು ಗಂಟೆ ಬೇಕೇ ಬೇಕಂತಿದ್ರೆ ಲಾಸ್ಟ್ ಬಸ್ ಇಡು, ಅದು ತಪ್ಪಿದ್ರೆ ಏನಾಗ್ತದೆ ಅಂತ ನಮ್ಮ ಕಡೆಯವರಿಗೆ ವಿವರಿಸುದೇ ಬೇಡ. ಇನ್ನೊಂದು, ಮಲತಾಯಿಯನ್ನು ರಾಕ್ಷಸಿ ಥರ ಮಾಡ್ಬೇಡ, ನಿನ್ನ ಕ್ಲಾಸಲ್ಲೇ ಚಿಕ್ಕಮ್ಮನ ಕೈಯಲ್ಲಿ ಚಂದಕ್ಕೆ ಬೆಳೀತಿರುವ ಮಕ್ಕಳು ಇರ್ಬಹುದು. ಸಿಟ್ಟು ಬೇಕಾದ್ರೆ ಆ ಸ್ವಾಮಿಯ ಮೇಲೆ ಇಡು, ಆ ಪಾತ್ರಕ್ಕೆ ನಗಿಸುವ ಹುಡುಗನನ್ನೇ ಹಾಕು.

ಪ್ರಶ್ನೆ: ಐದು ವರ್ಷದ ಮೊಮ್ಮಗಳಿಗೆ ತೋರಿಸ್ಲಿಕ್ಕೆ ಯಾವ ಸಿಂಡ್ರೆಲ್ಲಾ ಒಳ್ಳೇದು? ಕಾರ್ಟೂನ್ ಆಗ್ಲೇ ನೋಡಿ ಆಗಿದೆ.
– ಪೆರ್ಲದ ಓದುಗರು

ಉತ್ತರ: 2015ರದ್ದು, ಕೆನೆತ್ ಬ್ರಾನಾ ಮಾಡಿದ್ದು, ಲಿಲಿ ಜೇಮ್ಸ್ ಹುಡುಗಿ. ಚೀನಿಕಾಯಿ, ಹಲ್ಲಿ, ಇಲಿ ಎಲ್ಲ ಉಂಟು, ನೀಲಿ ಗೌನು ಕಣ್ಣು ತುಂಬ್ತದೆ. ಹೊಸತು ಬೇಕಾದವರಿಗೂ ಸ್ವಲ್ಪ ಉಂಟು, ನೃತ್ಯಕ್ಕೆ ಮೊದ್ಲೇ ಇಬ್ಬರೂ ಕಾಡಲ್ಲಿ ಸಿಕ್ಕಿ ಮಾತಾಡ್ತಾರೆ, ಅವ ತಾನು ರಾಜಕುಮಾರ ಅಂತ ಹೇಳುದಿಲ್ಲ, ಕೆಲಸ ಕಲೀತಿದ್ದೇನೆ ಅಂತಾನೆ. ಆದ್ರೆ ಶುರುವಲ್ಲೇ ಅಮ್ಮ ತೀರಿಹೋಗ್ತಾಳೆ, ಸ್ವಲ್ಪ ಹೊತ್ತಲ್ಲಿ ಅಪ್ಪನೂ. ಹಾಗಾಗಿ ಮೊಬೈಲ್ ಕೈಗೆ ಕೊಟ್ಟು ನೀವು ಒಳಗೆ ಹೋಗ್ಬೇಡಿ, ಮೊದಲ ಅರ್ಧ ಗಂಟೆಯಾದ್ರೂ ಪಕ್ಕದಲ್ಲಿ ಕೂತಿರಿ.